ವಿಂಡೋಸ್ ಸಕ್ರಿಯಗೊಳಿಸುವಿಕೆ

ವಿಂಡೋಸ್ ಸಕ್ರಿಯಗೊಳಿಸುವಿಕೆ ಎಂಬುದು ಗಣಕಯಂತ್ರದಲ್ಲಿ ಅಳವಡಿಸಲಾದ ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಗೆ ಸರಿಯಾದ ಪರವಾನಗಿ ಇದೆಯೇ ಎಂದು ಪರಿಶೀಲಿಸುವ ವಿಧಾನವಾಗಿದೆ. ಒಂದೇ ಪರವಾನಗಿಯನ್ನು ಅನುಮತಿ ಇರುವುದಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಬಳಸುವುದನ್ನು ತಡೆಯುವುದು ಇದರ ಮುಖ್ಯ ಉದ್ದೇಶ. ಹಣ ಕೊಟ್ಟು ಪರವಾನಗಿ ಪಡೆದವರಿಗೂ ಯಂತ್ರದ ದುರಸ್ತಿ ಅಥವಾ ಮರು ಅನುಸ್ಥಾಪನೆಯ ನಂತರ ಈ ಪರಿಶೀಲನೆ ವಿಫಲವಾಗುವುದುಂಟು. ಅಂತಹ ಸಂದರ್ಭದಲ್ಲಿ ಪರವಾನಗಿ ಯಾವ ಬಗೆಯದೆಂದು ತಿಳಿದ ನಂತರವೇ ಪರಿಹಾರವನ್ನು ನಿರ್ಧರಿಸಲು ಸಾಧ್ಯ.

ಇತಿಹಾಸ

ಗೃಹಬಳಕೆಯ ವಿಂಡೋಸ್‌ನಲ್ಲಿ ಈ ಪದ್ಧತಿಯು 2001ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯೊಂದಿಗೆ ಜಾರಿಗೆ ಬಂದಿತು. 25 ಅಕ್ಷರಗಳ ಉತ್ಪನ್ನ ಕೀಲಿಯನ್ನು ನಮೂದಿಸಿ, 30 ದಿನಗಳೊಳಗೆ ಅಂತರಜಾಲ ಅಥವಾ ದೂರವಾಣಿಯ ಮೂಲಕ ಸಕ್ರಿಯಗೊಳಿಸಬೇಕಾಗಿತ್ತು. ವಿಂಡೋಸ್ 8ರ ಕಾಲದಿಂದ ತಯಾರಕರು ಕೀಲಿಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ ಅಡಕಗೊಳಿಸತೊಡಗಿದರು. 2015ರಲ್ಲಿ ಬಂದ ವಿಂಡೋಸ್ 10, ಯಂತ್ರಾಂಶದ ಗುರುತನ್ನು ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲಿ ದಾಖಲಿಸುವ ಡಿಜಿಟಲ್ ಪರವಾನಗಿಯನ್ನು ಪರಿಚಯಿಸಿತು. 2016ರಿಂದ ಇದನ್ನು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವ ಸೌಲಭ್ಯವೂ ದೊರೆಯಿತು.

ಪರವಾನಗಿಯ ಬಗೆಗಳು

* ರಿಟೇಲ್: ಬಳಕೆದಾರರು ಪ್ರತ್ಯೇಕವಾಗಿ ಖರೀದಿಸುವ ಪರವಾನಗಿ. ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು.
* ಒಇಎಂ: ಲ್ಯಾಪ್‌ಟಾಪ್ ಮೊದಲಾದ ಯಂತ್ರಗಳೊಂದಿಗೆ ಬರುವಂಥದ್ದು. ಮೊದಲು ಅಳವಡಿಸಿದ ಯಂತ್ರಕ್ಕೆ ಮಾತ್ರ ಸೀಮಿತವಾಗಿರುತ್ತದೆ.
* ವಾಲ್ಯೂಮ್: ಕಚೇರಿ ಹಾಗೂ ವಿದ್ಯಾಸಂಸ್ಥೆಗಳಿಗೆ ನೀಡುವಂಥದ್ದು. ಇದರ ಕೆಎಂಎಸ್ ವಿಧಾನದಲ್ಲಿ ಸಕ್ರಿಯತೆಯ ಅವಧಿ 180 ದಿನಗಳು. ಸಂಸ್ಥೆಯ ಜಾಲವನ್ನು ಸಂಪರ್ಕಿಸಿದಾಗಲೆಲ್ಲ ಈ ಅವಧಿ ನವೀಕರಣಗೊಳ್ಳುತ್ತದೆ.

ಯಂತ್ರದಲ್ಲಿರುವ ಪರವಾನಗಿಯ ಬಗೆಯನ್ನು ಅರಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಆದೇಶವನ್ನು ಡಿಎಲ್‌ಐ ಎಂಬ ಆಯ್ಕೆಯೊಂದಿಗೆ ಬಳಸಲಾಗುತ್ತದೆ. ಎಕ್ಸ್‌ಪಿಆರ್ ಆಯ್ಕೆಯು ಸಕ್ರಿಯತೆ ಶಾಶ್ವತವೋ ಅಥವಾ ಇಂತಿಷ್ಟು ದಿನಗಳದ್ದೋ ಎಂಬುದನ್ನು ತಿಳಿಸುತ್ತದೆ.

ವೈಫಲ್ಯದ ಲಕ್ಷಣಗಳು

ವಿಂಡೋಸ್ 10 ಮತ್ತು 11ರಲ್ಲಿ ಪರದೆಯ ಬಲಭಾಗದ ಕೆಳಮೂಲೆಯಲ್ಲಿ ಸಕ್ರಿಯಗೊಳಿಸುವಂತೆ ಕೋರುವ ಮಸುಕಾದ ಬರಹ ಮೂಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಚಿತ್ರ, ಬಣ್ಣ ಮುಂತಾದವುಗಳನ್ನು ಬದಲಾಯಿಸುವ ಅವಕಾಶ ಇಲ್ಲವಾಗುತ್ತದೆ. ಬಳಕೆದಾರರ ಕಡತಗಳು ಅಳಿದುಹೋಗುವುದಿಲ್ಲ. ಅವುಗಳನ್ನು ಎಂದಿನಂತೆ ತೆರೆಯಬಹುದು. ಆದ್ದರಿಂದ ಈ ಬರಹ ಕಂಡ ಮಾತ್ರಕ್ಕೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ.

ಸಾಮಾನ್ಯ ಕಾರಣಗಳು ಮತ್ತು ಪರಿಹಾರಗಳು

ದಿನಾಂಕದ ದೋಷ: ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ವ ಕಳೆದುಕೊಂಡಾಗ ಗಣಕದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಇದರಿಂದ ಸರ್ವರ್‌ನೊಂದಿಗೆ ಸುರಕ್ಷಿತ ಸಂಪರ್ಕ ಸಾಧ್ಯವಾಗದೆ ಪರಿಶೀಲನೆ ವಿಫಲವಾಗಬಹುದು. ಸಮಯ ಹಾಗೂ ಅಂತರಜಾಲ ಸಂಪರ್ಕ ಸರಿಯಿವೆಯೇ ಎಂದು ಮೊದಲು ನೋಡಬೇಕು.

ಆವೃತ್ತಿಯ ವ್ಯತ್ಯಾಸ: ಹೋಮ್ ಆವೃತ್ತಿಯ ಪರವಾನಗಿಯುಳ್ಳ ಲ್ಯಾಪ್‌ಟಾಪ್‌ನಲ್ಲಿ ದುರಸ್ತಿಯ ವೇಳೆ ಪ್ರೊ ಆವೃತ್ತಿಯನ್ನು ಅಳವಡಿಸಿದರೆ ಅದು ಸಕ್ರಿಯಗೊಳ್ಳುವುದಿಲ್ಲ. ಮೂಲ ಆವೃತ್ತಿಯನ್ನೇ ಪುನಃ ಅಳವಡಿಸಿದಾಗ ಫರ್ಮ್‌ವೇರ್‌ನಲ್ಲಿರುವ ಕೀಲಿಯನ್ನು ವಿಂಡೋಸ್ ತಾನಾಗಿಯೇ ಓದಿಕೊಳ್ಳುತ್ತದೆ.

ಮದರ್‌ಬೋರ್ಡ್ ಬದಲಾವಣೆ: ಮದರ್‌ಬೋರ್ಡ್ ಬದಲಾದರೆ ಸರ್ವರ್ ಅದನ್ನು ಬೇರೆಯೇ ಯಂತ್ರವೆಂದು ಪರಿಗಣಿಸುತ್ತದೆ. ಆಗ 7001 ಎಂದು ಕೊನೆಗೊಳ್ಳುವ ದೋಷಸಂಕೇತ ಕಾಣಿಸಬಹುದು. ಮೊದಲೇ ಪರವಾನಗಿಯನ್ನು ಖಾತೆಗೆ ಜೋಡಿಸಿದ್ದಲ್ಲಿ, ಸಕ್ರಿಯಗೊಳಿಸುವಿಕೆಯ ಪುಟದಲ್ಲಿನ ಟ್ರಬಲ್‌ಶೂಟರ್ ತೆರೆದು, ಇತ್ತೀಚೆಗೆ ಯಂತ್ರಾಂಶ ಬದಲಾಗಿದೆ ಎಂಬ ಆಯ್ಕೆಯನ್ನು ಆರಿಸಿ ಅದನ್ನು ಮರಳಿ ಪಡೆಯಲು ಪ್ರಯತ್ನಿಸಬಹುದು. ಆದುದರಿಂದ ದುರಸ್ತಿಗೆ ಕೊಡುವ ಮುನ್ನವೇ ಖಾತೆಗೆ ಜೋಡಿಸುವುದು ಉತ್ತಮ. ಒಇಎಂ ಯಂತ್ರವಾದರೆ ತಯಾರಕರ ಸೇವಾಕೇಂದ್ರವನ್ನು ಸಂಪರ್ಕಿಸಬೇಕಾಗುತ್ತದೆ.

ಹಳೆಯ ಕೀಲಿಗಳು: ವಿಂಡೋಸ್ 7 ಮತ್ತು 8ರ ಬಳಕೆದಾರರಿಗಿದ್ದ ಉಚಿತ ಉನ್ನತೀಕರಣದ ಅವಧಿ 2016ರ ಜುಲೈ 29ಕ್ಕೆ ಮುಗಿದಿತ್ತು. ಆದರೂ ಆ ಕೀಲಿಗಳು ಹೊಸ ಆವೃತ್ತಿಗಳಲ್ಲಿ ಕೆಲಸ ಮಾಡುತ್ತಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ಮಾರ್ಗವನ್ನೂ ಮುಚ್ಚಿರುವುದಾಗಿ ತಿಳಿಸಿತು. ಅದಕ್ಕೂ ಮುನ್ನ ಪಡೆದ ಡಿಜಿಟಲ್ ಪರವಾನಗಿಗಳು ಅದೇ ಯಂತ್ರಾಂಶದಲ್ಲಿ ಮುಂದುವರಿಯುತ್ತವೆ.

ಸಂಸ್ಥೆಗಳ ಕೀಲಿಗಳು: ಎಫ್074 ಎಂದು ಕೊನೆಗೊಳ್ಳುವ ಸಂಕೇತವು ಕೆಎಂಎಸ್ ಸರ್ವರ್ ಸಿಗುತ್ತಿಲ್ಲವೆಂದು ಸೂಚಿಸುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಕಚೇರಿಯ ಜಾಲಕ್ಕೆ ಅಥವಾ ವಿಪಿಎನ್‌ಗೆ ಸಂಪರ್ಕಿಸಿದರೆ ಸಾಕು. ಸ್ವಂತಕ್ಕಾಗಿ ಕೊಂಡ ಯಂತ್ರದಲ್ಲಿ ಈ ಸಂಕೇತ ಬಂದರೆ, ಅದರಲ್ಲಿ ಸಂಸ್ಥೆಗಳಿಗೆ ಮೀಸಲಾದ ಆವೃತ್ತಿ ಅಥವಾ ಕೀಲಿಯನ್ನು ಅಳವಡಿಸಿರುವ ಸಾಧ್ಯತೆ ಇರುತ್ತದೆ. ಇಂತಹ ಕೀಲಿಯಿಂದ ಯಂತ್ರವು ಕೆಲವು ತಿಂಗಳು ಸರಿಯಾಗಿ ನಡೆದು ನಂತರ ನಿಷ್ಕ್ರಿಯವಾಗುವುದರಿಂದ ಖರೀದಿಸಿದವರಿಗೆ ಮೋಸ ತಡವಾಗಿ ತಿಳಿಯುತ್ತದೆ. ಯಂತ್ರವನ್ನು ಕೊಂಡ ದಿನವೇ ಪರವಾನಗಿಯ ಬಗೆಯನ್ನು ಪರಿಶೀಲಿಸಿದರೆ ಇದನ್ನು ತಪ್ಪಿಸಬಹುದು. ಸಿ008 ಎಂದು ಕೊನೆಗೊಳ್ಳುವ ಸಂಕೇತವು ಕೀಲಿಯನ್ನು ಈಗಾಗಲೇ ಬೇರೆಡೆ ಬಳಸಲಾಗಿದೆ ಎಂಬುದರ ಸೂಚನೆ.

ಸರ್ವರ್ ದೋಷ: ಬಳಕೆದಾರರ ಕಡೆಯಿಂದ ಯಾವ ತಪ್ಪೂ ಇಲ್ಲದಿರುವುದೂ ಉಂಟು. 2018ರ ನವೆಂಬರ್ 8ರಂದು ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲಿನ ದೋಷದಿಂದ ಹಲವು ದೇಶಗಳಲ್ಲಿ ವಿಂಡೋಸ್ 10 ಪ್ರೊ ಪರವಾನಗಿಗಳು ಅಮಾನ್ಯವೆಂದು ತೋರಿದವು. ದೋಷ ಸರಿಪಡಿಸಿದ ಮೇಲೆ ಅವು ಮತ್ತೆ ಸಕ್ರಿಯಗೊಂಡವು. ಹೊಸ ಕೀಲಿ ಕೊಳ್ಳುವ ಮುನ್ನ ಒಂದೆರಡು ದಿನ ಕಾದು ನೋಡುವುದು ಇಂತಹ ಸಂದರ್ಭದಲ್ಲಿ ಸೂಕ್ತ.

ಅನಧಿಕೃತ ಸಾಧನಗಳು

ಆಕ್ಟಿವೇಟರ್ ಎಂಬ ಹೆಸರಿನಲ್ಲಿ ದೊರೆಯುವ ಹಲವು ತಂತ್ರಾಂಶಗಳು ಗಣಕದೊಳಗೇ ನಕಲಿ ಕೆಎಂಎಸ್ ಸರ್ವರನ್ನು ಸೃಷ್ಟಿಸುತ್ತವೆ. ಇವು ಪರವಾನಗಿ ನಿಯಮಗಳ ಉಲ್ಲಂಘನೆಯಾಗಿವೆ. ಇವುಗಳನ್ನು ಚಲಾಯಿಸಲು ಸಾಮಾನ್ಯವಾಗಿ ಆಂಟಿವೈರಸ್ಸನ್ನು ನಿಲ್ಲಿಸಿ, ಆಡಳಿತಾಧಿಕಾರವನ್ನು ನೀಡಬೇಕಾಗುತ್ತದೆ. ಕುತಂತ್ರಾಂಶವು ಗಣಕವನ್ನು ಸೇರಲು ಇದು ಸುಲಭ ದಾರಿ. ಸಕ್ರಿಯಗೊಳ್ಳದ ವಿಂಡೋಸ್‌ನಿಂದ ಕಡತಗಳಿಗೆ ಹಾನಿಯಿಲ್ಲ. ಆದರೆ ಇಂತಹ ಸಾಧನಗಳಿಂದ ಕಡತಗಳೂ ಬ್ಯಾಂಕ್ ಖಾತೆಯ ಗುಪ್ತಪದಗಳೂ ಅಪಾಯಕ್ಕೆ ಸಿಲುಕಬಹುದು.