ಜೋಡಿಸಿದ ಜಾಗದಲ್ಲಿ ವಿಡಿಯೊ ಏಕೆ ಎಡವುತ್ತದೆ?

ಮಗಳ ಸಂಗೀತ ಕಛೇರಿಯೋ ಮನೆಯ ಗೃಹಪ್ರವೇಶವೋ ಮೊಬೈಲಿನಲ್ಲಿ ಸೆರೆಯಾಗಿರುತ್ತದೆ. ಕ್ಯಾಮೆರಾಕ್ಕೆ ಯಾರೋ ಅಡ್ಡ ಬಂದ ಭಾಗ, ಮೈಕ್ ಕೈಕೊಟ್ಟ ಭಾಗ ತೆಗೆದು ಉಳಿದದ್ದನ್ನು ಜೋಡಿಸುತ್ತೇವೆ. ಆಮೇಲೆ ಟಿ.ವಿ.ಯಲ್ಲಿ ಹಾಕಿದರೆ, ಜೋಡಿಸಿದ ಜಾಗಕ್ಕೆ ಸರಿಯಾಗಿ ಚಿತ್ರ ಅರೆಕ್ಷಣ ನಿಂತುಬಿಡುತ್ತದೆ. ಇಲ್ಲವೇ ಮುಖಗಳು ಬೂದುಬಣ್ಣದ ಚೌಕಗಳಾಗಿ ಒಡೆಯುತ್ತವೆ, ಸ್ಪೀಕರಿನಿಂದ ‘ಟಪ್’ ಎಂದು ಸದ್ದು ಬರುತ್ತದೆ. ಫೈಲ್ ಹಾಳಾಯಿತೆಂದು ಗಾಬರಿಯಾಗುವವರೇ ಹೆಚ್ಚು. ಆದರೆ ಮೂಲ ಫೈಲಿಗೆ ಏನೂ ಆಗಿರುವುದಿಲ್ಲ. ಡಿಜಿಟಲ್ ವಿಡಿಯೊದಲ್ಲಿ ಪ್ರತಿ ಕ್ಷಣವೂ ಹಿಂದಿನ ಕ್ಷಣವನ್ನು ನೆಚ್ಚಿಕೊಂಡಿರುತ್ತದೆ. ನಾವು ಆ ಹಿಂದಿನ ಕ್ಷಣವನ್ನೇ ಕತ್ತರಿಸಿ ಎಸೆದಿದ್ದೇವೆ.

ಮೊದಲು ಚಿತ್ರದ ಲೆಕ್ಕ ನೋಡೋಣ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳು. ಚುಕ್ಕಿಗೆ ಮೂರು ಬೈಟ್‌ನಂತೆ ಒಂದು ಚಿತ್ರಕ್ಕೆ 6.2 ಎಂಬಿ, ಸೆಕೆಂಡಿಗೆ 30 ಚಿತ್ರವೆಂದರೆ ನಿಮಿಷಕ್ಕೆ 11 ಜಿಬಿಗೂ ಮಿಗಿಲು. ನಮ್ಮ ಫೋನು ಅದೇ ನಿಮಿಷವನ್ನು ನೂರು ಎಂಬಿಯ ಆಸುಪಾಸಿನಲ್ಲಿ ಮುಗಿಸುತ್ತದೆ. ಸಾಧ್ಯವಾಗುವುದು ಹೇಗೆಂದರೆ, ಅದು ಎಲ್ಲ ಚಿತ್ರಗಳನ್ನೂ ಪೂರ್ತಿಯಾಗಿ ಇಡುವುದೇ ಇಲ್ಲ. 2003ರಲ್ಲಿ ಬಂದ ಎಚ್.264 ಎಂಬ ವಿಡಿಯೊ ಕುಗ್ಗಿಸುವ ವಿಧಾನವಾಗಲಿ, ಹತ್ತು ವರ್ಷದ ನಂತರ ಬಂದ ಎಚ್.265 ಆಗಲಿ, ಆಗೊಮ್ಮೆ ಈಗೊಮ್ಮೆ ಒಂದು ಇಡೀ ಚಿತ್ರವನ್ನು ಬರೆದಿಡುತ್ತವೆ. ಇದಕ್ಕೆ ಕೀಫ್ರೇಮ್ ಎಂದು ಹೆಸರು. ಅಲ್ಲಿಂದ ಮುಂದಿನವುಗಳಲ್ಲಿ ಹೆಚ್ಚಾಗಿ ಇರುವುದು ಬದಲಾವಣೆಯ ವಿವರ ಮಾತ್ರ: ಈ ಚೌಕ ಇಷ್ಟು ಎಡಕ್ಕೆ ಸರಿಯಿತು, ಆ ಚೌಕ ಇಷ್ಟು ಬೆಳಗಿತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಇದು; ಹಿಂದಿನ ಬಾಕಿ ಬರೆದ ಹಾಳೆಯನ್ನು ಹರಿದರೆ, ಮುಂದಿನ ಜಮಾ ಖರ್ಚು ಎಷ್ಟೇ ಸರಿಯಿದ್ದರೂ ಒಟ್ಟು ಸಿಗುವುದಿಲ್ಲ. ಕೆಲವು ಚಿತ್ರಗಳಂತೂ ಹಿಂದಿನದನ್ನಷ್ಟೇ ಅಲ್ಲ, ಮುಂದೆ ಬರುವ ಚಿತ್ರವನ್ನೂ ಆಧರಿಸಿರುತ್ತವೆ.

ಎರಡು ಕೀಫ್ರೇಮ್‌ಗಳ ನಡುವಿನ ಅಂತರ ಫೋನ್ ವಿಡಿಯೊದಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು. ಇಂಟರ್ನೆಟ್ಟಿಗೆಂದು ಕುಗ್ಗಿಸಿದ ಫೈಲುಗಳಲ್ಲಿ ಹಲವು ಸೆಕೆಂಡುಗಳೂ ಇರಬಹುದು. ನಾವು ಕತ್ತರಿಸಿದ್ದು ಈ ನಡುವಿನಲ್ಲಿ ಎಲ್ಲೋ ಆದರೆ, ಬದಲಾವಣೆಯ ವಿವರಗಳಿಗೆ ಆಧಾರವಾಗಿದ್ದ ಚಿತ್ರ ಕತ್ತರಿಯ ಆಚೆ ಉಳಿದುಹೋಯಿತು. ಪ್ಲೇಯರ್ ಏನು ಮಾಡಬೇಕು? ಕೆಲವು ಮುಂದಿನ ಕೀಫ್ರೇಮ್ ಬರುವವರೆಗೆ ಚಿತ್ರವನ್ನು ತಡೆಹಿಡಿಯುತ್ತವೆ, ಸದ್ದು ಮಾತ್ರ ಓಡುತ್ತದೆ. ಕೆಲವು ಕೈಗೆ ಸಿಕ್ಕ ಹಳೆಯ ಚಿತ್ರದ ಮೇಲೆ ಹೊಸ ಬದಲಾವಣೆಗಳನ್ನು ಹೇರುತ್ತವೆ. ಆಗಲೇ ಅಜ್ಜನ ಮುಖದೊಳಗೆ ಹೂವಿನ ಹಾರ ತೇಲಿದಂತೆ ಕಾಣುವುದು.

ಫೈಲನ್ನು ಮತ್ತೆ ಎನ್‌ಕೋಡ್ ಮಾಡದೆ ಥಟ್ಟನೆ ಕತ್ತರಿಸಿಕೊಡುವ ಲಾಸ್‌ಲೆಸ್‌ಕಟ್‌ನಂಥ ತಂತ್ರಾಂಶಗಳಲ್ಲಿ ಇದು ಹೆಚ್ಚು. ಅವುಗಳ ವೇಗ ನನಗೂ ಇಷ್ಟ, ಗುಣಮಟ್ಟ ಕಿಂಚಿತ್ತೂ ಕುಗ್ಗುವುದಿಲ್ಲ. ಆದರೆ ಅಲ್ಲಿ ತುಂಡು ಶುರುವಾಗುವ ಜಾಗ ಕೀಫ್ರೇಮ್ ಮೇಲೆಯೇ ಬೀಳಬೇಕು. ಅಂಥ ತಂತ್ರಾಂಶಗಳಲ್ಲಿ ಕೀಫ್ರೇಮಿನಿಂದ ಕೀಫ್ರೇಮಿಗೆ ಜಿಗಿಯುವ ಗುಂಡಿ ಇರುವುದೇ ಇದಕ್ಕಾಗಿ. ತುಂಡು ಮುಗಿಯುವ ಜಾಗ ಅಷ್ಟು ಹಟಮಾರಿಯಲ್ಲ. ಇಂಥದೇ ಫ್ರೇಮಿನಲ್ಲಿ ಶುರುವಾಗಬೇಕು ಎಂಬ ಹಂಬಲವಿದ್ದರೆ ಪೂರ್ಣ ಎಡಿಟರಿನಲ್ಲಿ ಹೊಸದಾಗಿ ಎಕ್ಸ್‌ಪೋರ್ಟ್ ಮಾಡುವುದೊಂದೇ ನಂಬಿಕೆಯ ದಾರಿ. ಆಗ ಪ್ರತಿ ಚಿತ್ರವನ್ನೂ ಬಿಡಿಸಿ, ಕೀಫ್ರೇಮ್‌ಗಳನ್ನು ಹೊಸದಾಗಿ ಕಟ್ಟಲಾಗುತ್ತದೆ. ಕತ್ತರಿಸಿದ ಜಾಗದ ಅಕ್ಕಪಕ್ಕವನ್ನು ಮಾತ್ರ ಮರು ಎನ್‌ಕೋಡ್ ಮಾಡುವ ‘ಸ್ಮಾರ್ಟ್’ ವಿಧಾನವೂ ಉಂಟು, ಎಲ್ಲ ಫೈಲುಗಳಿಗೂ ಒಗ್ಗುವುದಿಲ್ಲ.

ಎಡಿಟ್ ಮಾಡುವಾಗ ಪರದೆಯಲ್ಲಿ ಕಂಡ ತೊದಲಾಟವೆಲ್ಲ ಫೈಲಿನಲ್ಲಿ ಇರಬೇಕೆಂದಿಲ್ಲ. ತುಂಡಿನ ಮೊದಲ ಚಿತ್ರವನ್ನು ತೋರಿಸಲು ಕಂಪ್ಯೂಟರ್ ಅದಕ್ಕೂ ಹಿಂದಿನ ಇಪ್ಪತ್ತೊಂಬತ್ತು ಚಿತ್ರಗಳನ್ನು ಬಿಡಿಸಬೇಕಾಗಿ ಬರಬಹುದು. ಹಳೆಯ ಲ್ಯಾಪ್‌ಟಾಪ್ ಅಲ್ಲಿ ಏದುಸಿರು ಬಿಡುತ್ತದೆ. ಕೆಲವು ಸೆಕೆಂಡಿನ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿದ ಮೇಲೆಯೇ ದೋಷ ಎಲ್ಲಿದೆ ಎಂದು ತೀರ್ಮಾನಿಸಬೇಕು. ಜೋಡಣೆಯಲ್ಲಿ ಕಪ್ಪು ಮಿಂಚು ಹೊಡೆದರೆ ಎರಡು ತುಂಡುಗಳ ನಡುವೆ ಒಂದು ಫ್ರೇಮಿನ ಸಂದಿ ಉಳಿದಿದೆ ಎಂದರ್ಥ. ಟೈಮ್‌ಲೈನ್ ಹಿಗ್ಗಿಸಿ ಸಂದಿ ಮುಚ್ಚಿದರೆ ಮುಗಿಯಿತು.

ಸದ್ದಿನ ಕಥೆ ಇನ್ನೂ ಸೂಕ್ಷ್ಮ. ಕಣ್ಣು 33 ಮಿಲಿಸೆಕೆಂಡಿನ ಒಂದು ಫ್ರೇಮ್ ಹೋದರೂ ಎಷ್ಟೋ ಸಲ ಕ್ಷಮಿಸುತ್ತದೆ. ಕಿವಿ ಎರಡು ಮೂರು ಮಿಲಿಸೆಕೆಂಡಿನ ಬಿರುಕನ್ನೂ ಹಿಡಿಯುತ್ತದೆ. ವಿಡಿಯೊದ ಧ್ವನಿಯಲ್ಲಿ ಸೆಕೆಂಡಿಗೆ 48,000 ಅಳತೆಗಳಿರುತ್ತವೆ. ಅಲೆ ಮೇಲೇರಿದ್ದಾಗ ಕತ್ತರಿಸಿ, ಕೆಳಗಿಳಿದ ಇನ್ನೊಂದು ಅಲೆಗೆ ಜೋಡಿಸಿದರೆ ಒಂದೇ ಅಳತೆಯಲ್ಲಿ ಎತ್ತರದ ಜಿಗಿತ. ಅಂಥ ಥಟ್ಟನೆಯ ಜಿಗಿತದಲ್ಲಿ ಮಂದ್ರದಿಂದ ತಾರದವರೆಗೆ ಎಲ್ಲ ಆವೃತ್ತಿಗಳೂ ಒಮ್ಮೆಗೇ ಇರುತ್ತವೆ. ‘ಟಪ್’ ಎಂದು ಕೇಳುವುದು ಅದನ್ನೇ.

ಧ್ವನಿಯನ್ನು ಟೇಪಿನಲ್ಲಿ ಮುದ್ರಿಸುತ್ತಿದ್ದ ಕಾಲದಲ್ಲಿ ತಂತ್ರಜ್ಞರು ಟೇಪನ್ನು ಬ್ಲೇಡಿನಿಂದ ನೇರ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದರು. ಕಾಲಿಂಚು ಅಗಲದ ಟೇಪು ಸೆಕೆಂಡಿಗೆ 15 ಇಂಚು ಓಡುವಾಗ, ಆ ಓರೆ ಗೆರೆ ಹೆಡ್ಡನ್ನು ದಾಟಲು ಸುಮಾರು 17 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಹಳೆಯ ಸದ್ದು ಕರಗಿ ಹೊಸದು ಮೂಡಿರುತ್ತಿತ್ತು. ಎಂಥ ಚೆಲುವಾದ ಉಪಾಯ! ಇಂದಿನ ಎಡಿಟರಿನ ಕ್ರಾಸ್‌ಫೇಡ್ ಅದೇ ಕೆಲಸ ಮಾಡುತ್ತದೆ. ಮಾತಿಗೆ ಐದರಿಂದ ಹತ್ತು ಮಿಲಿಸೆಕೆಂಡು ಸಾಕು. ಜನಜಂಗುಳಿ, ಮಳೆ, ಫ್ಯಾನಿನ ಸದ್ದಿಗೆ ಇನ್ನೂ ಉದ್ದ ಬೇಕು, ಅದೂ ‘ಈಕ್ವಲ್ ಪವರ್’ ಬಗೆಯದು. ನೇರ ಗೆರೆಯ ಫೇಡ್ ಹಾಕಿದರೆ ನಡುವಿನಲ್ಲಿ ಮೂರು ಡೆಸಿಬೆಲ್‌ನಷ್ಟು ಸದ್ದು ಕುಗ್ಗುತ್ತದೆ.

ಅತ್ಯಂತ ಕಷ್ಟದ ಜಾಗ ಯಾವುದು ಗೊತ್ತೇ? ಶ್ರುತಿಪೆಟ್ಟಿಗೆ. ಹಾಡಿನ ಮಧ್ಯೆ ಕೆಮ್ಮು ತೆಗೆಯಲು ಹೋದರೆ ಹಿನ್ನೆಲೆಯ ಶ್ರುತಿ ಸುಳ್ಳು ಹೇಳಲು ಬಿಡುವುದಿಲ್ಲ. ಷಡ್ಜ ಸೆಕೆಂಡಿಗೆ 131 ಕಂಪನದ್ದು ಎನ್ನಿ. ಒಂದು ಕಂಪನಕ್ಕೆ 7.6 ಮಿಲಿಸೆಕೆಂಡು. ಎರಡು ತುಂಡುಗಳ ಅಲೆಗಳು ಅರ್ಧ ಕಂಪನ, ಅಂದರೆ 3.8 ಮಿಲಿಸೆಕೆಂಡು ಆಚೀಚೆಯಾದರೆ ಕ್ರಾಸ್‌ಫೇಡ್‌ನ ನಡುವೆ ಒಂದನ್ನೊಂದು ಅಳಿಸಿಕೊಂಡು ಶ್ರುತಿ ತೆಳುವಾಗುತ್ತದೆ. ಆದರೆ ಫ್ರೇಮಿನ ಲೆಕ್ಕದಲ್ಲಷ್ಟೇ ಸರಿಯುವ ಎಡಿಟರಿನಲ್ಲಿ ಒಂದು ಹೆಜ್ಜೆಯೇ 33 ಮಿಲಿಸೆಕೆಂಡು, ನಾಲ್ಕು ಕಂಪನಗಳಿಗೂ ಹೆಚ್ಚು! ಅದಕ್ಕೇ ಧ್ವನಿಯನ್ನು ಬೇರ್ಪಡಿಸಿ ಆಡಾಸಿಟಿಯಂಥ ತಂತ್ರಾಂಶಕ್ಕೆ ಒಯ್ಯಬೇಕು. ಅಲೆ ಕಾಣುವಷ್ಟು ಹಿಗ್ಗಿಸಿ, ಎರಡೂ ಶೂನ್ಯರೇಖೆಯನ್ನು ಮೇಲ್ಮುಖವಾಗಿ ದಾಟುವ ಬಿಂದುಗಳನ್ನು ಕೂಡಿಸಬೇಕು. ಚಿತ್ರದ ಕತ್ತರಿ ತನ್ನ ಜಾಗದಲ್ಲೇ ಇರಲಿ. ಮೂರ್ನಾಲ್ಕು ಮಿಲಿಸೆಕೆಂಡಿನ ವ್ಯತ್ಯಾಸ ತುಟಿಯ ಚಲನೆಯಲ್ಲಿ ಯಾರಿಗೂ ಕಾಣದು.

ಸದ್ದು ಜೋಡಣೆಯಲ್ಲಿ ಸರಿಯಿದ್ದು ಕ್ರಮೇಣ ತುಟಿಯಿಂದ ಹಿಂದೆ ಬೀಳುತ್ತಿದ್ದರೆ ಕಾರಣ ಬೇರೆ. ಮಂದ ಬೆಳಕಿನಲ್ಲಿ ಎಷ್ಟೋ ಫೋನುಗಳು ಫ್ರೇಮ್ ಗತಿಯನ್ನು ತಾವೇ ಇಳಿಸುತ್ತವೆ, ಎಡಿಟರ್ ಮಾತ್ರ ಒಂದೇ ಗತಿಯೆಂದು ನಂಬಿ ಓಡಿಸುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸ್ಥಿರ ಗತಿಗೆ ಪರಿವರ್ತಿಸಿಕೊಂಡು ಆಮೇಲೆ ಕತ್ತರಿ ಹಿಡಿಯಬೇಕು.

ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿಜಿಟಲ್‌ಗೆ ಇಳಿಸುವವರಿಗೆ ಜೋಡಣೆಗಳಲ್ಲಿ ಕಾಮನಬಿಲ್ಲಿನ ಪಟ್ಟೆ ಕಾಣಬಹುದು. ವಿಎಚ್‌ಎಸ್‌ನಲ್ಲಿ ಚಿತ್ರದ ಗೆರೆಗಳು ಟೇಪಿನ ಮೇಲೆ ಓರೆಯಾಗಿ ಬೀಳುತ್ತವೆ, ಅಳಿಸುವ ಹೆಡ್ಡು ಹಲವು ಯಂತ್ರಗಳಲ್ಲಿ ನೇರವಾಗಿ ಅಳಿಸುತ್ತದೆ. ಅರೆಬರೆ ಅಳಿದ ಗೆರೆಗಳೇ ಆ ಪಟ್ಟೆ. ದೋಷ ಟೇಪಿನಲ್ಲೇ ಇರುವುದರಿಂದ ಯಾವ ತಂತ್ರಾಂಶವೂ ಅಳಿದ ಚಿತ್ರವನ್ನು ಮರಳಿ ತರಲಾರದು. ಸದ್ದನ್ನು ಉಳಿಸಿಕೊಂಡು, ಅಷ್ಟು ಹೊತ್ತು ಮಂಟಪದ್ದೋ ನೆಂಟರದ್ದೋ ಬೇರೆ ಚಿತ್ರವನ್ನು ಮೇಲೆ ಹಾಸುವುದೇ ಒಳ್ಳೆಯದು.

ಕ್ರಾಸ್‌ಫೇಡ್‌ಗೆ ಕತ್ತರಿಯ ಆಚೆಗೂ ಒಂದಿಷ್ಟು ಸದ್ದು ಬೇಕಾಗುತ್ತದೆ. ಆದ್ದರಿಂದ ಚಿತ್ರೀಕರಿಸುವಾಗ ಹಾಡು ಮುಗಿದ ತಕ್ಷಣ ಗುಂಡಿ ಒತ್ತಿ ನಿಲ್ಲಿಸಬೇಡಿ. ಹಿಂದೆ ಮುಂದೆ ಐದಾರು ಸೆಕೆಂಡು ಬಿಡಿ. ಯಾರೂ ಮಾತಾಡದಿರುವಾಗ ಆ ಕೋಣೆಯ ಬರಿಯ ಸದ್ದನ್ನೂ ಅರ್ಧ ನಿಮಿಷ ಮುದ್ರಿಸಿಕೊಳ್ಳಿ; ಕೆಮ್ಮು ತೆಗೆದ ಜಾಗದಲ್ಲಿ ತುಂಬಲು ಅದು ಬೇಕಾಗುತ್ತದೆ.