ಚಿನ್ನಸ್ವಾಮಿಯ ರನ್ನು, ಚಹಾದಂಗಡಿಯ ಲೆಕ್ಕ

ಐಪಿಎಲ್ ಬಂತೆಂದರೆ ನಮ್ಮ ಕಡೆ ಎಲ್ಲರೂ ಅಂಕಿಅಂಶದ ಪಂಡಿತರೇ. ಗಂಗಾವತಿಯ ಅಕ್ಕಿ ಮಿಲ್ಲಿನ ಹಮಾಲರಿಂದ ಹಿಡಿದು ಕುಷ್ಟಗಿಯ ಮಿರ್ಚಿ ಅಂಗಡಿಯವರ ತನಕ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಗ್ಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊಪ್ಪಳದಿಂದ ಅಲ್ಲಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಬಹಳಷ್ಟು ಮಂದಿ ಆ ಮೈದಾನ ಕಂಡಿರುವುದು ಟಿವಿಯಲ್ಲಿ, ಮೊಬೈಲಿನಲ್ಲಿ ಮಾತ್ರ. ಅರ್ಧ ನೋಡಿದ್ದು, ಅರ್ಧ ಕೇಳಿದ್ದು ಸೇರಿಸಿ ನಾವು ನಮ್ಮದೇ ಒಂದು ಚಿನ್ನಸ್ವಾಮಿ ಕಟ್ಟಿಕೊಂಡಿದ್ದೇವೆ. ಅದನ್ನು ನಿಜವಾದ ಸ್ಕೋರ್‌ಬೋರ್ಡಿನ ಜೊತೆ ತಾಳೆ ಹಾಕಿದರೆ ಹೀಗೆ ಕಾಣುತ್ತದೆ.

ತಪ್ಪು ಕಲ್ಪನೆ: ಈ ಮೈದಾನದ ಅತಿ ದೊಡ್ಡ ಇನಿಂಗ್ಸ್ ಕ್ರಿಸ್ ಗೇಲ್‌ನ 175.

ವಾಸ್ತವ: ಅದು ಟಿ20ಯ ಮಾತು. 2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ಎದುರು ಗೇಲ್ 66 ಎಸೆತಗಳಲ್ಲಿ ಔಟಾಗದೆ 175 ಬಾರಿಸಿದ್ದು ನಿಜ, 30 ಎಸೆತಗಳಲ್ಲೇ ಶತಕ ಮುಟ್ಟಿದ್ದೂ ನಿಜ. ಆದರೆ ಐಪಿಎಲ್ ಅಂತರರಾಷ್ಟ್ರೀಯ ಕ್ರಿಕೆಟ್ ಅಲ್ಲ. ಏಕದಿನದಲ್ಲಿ ಇಲ್ಲಿನ ದೊಡ್ಡ ಮೊತ್ತ ರೋಹಿತ್ ಶರ್ಮಾ ಅವರ 209. ಅದೇ ವರ್ಷದ ನವೆಂಬರ್ 2ರಂದು ಆಸ್ಟ್ರೇಲಿಯಾ ಎದುರು 158 ಎಸೆತಗಳಲ್ಲಿ, 16 ಸಿಕ್ಸರ್‌ಗಳೊಂದಿಗೆ ಬಂದದ್ದು. ಟೆಸ್ಟ್‌ನಲ್ಲಿ ಪಾಕಿಸ್ತಾನದ ಯೂನಿಸ್ ಖಾನ್ 2005ರ ಮಾರ್ಚ್‌ನಲ್ಲಿ ಹೊಡೆದ 267 ಎಲ್ಲಕ್ಕಿಂತ ಮೇಲಿದೆ. ಭಾರತೀಯರ ಪೈಕಿ ಸೌರವ್ ಗಂಗೂಲಿ ಅವರ 239 ಮೊದಲು. ಅದು 2007ರ ಡಿಸೆಂಬರ್‌ನದು, ಎದುರಾಳಿ ಅದೇ ಪಾಕಿಸ್ತಾನ. 61ಕ್ಕೆ 4 ವಿಕೆಟ್ ಹೋಗಿದ್ದಾಗ ಗಂಗೂಲಿ ಮತ್ತು 169 ಹೊಡೆದ ಯುವರಾಜ್ ಸೇರಿ 300 ರನ್ ಕೂಡಿಸಿದರು. ಚಹಾದಂಗಡಿಯಲ್ಲಿ ಈ ಜೊತೆಯಾಟದ ಸುದ್ದಿ ಯಾರೂ ಎತ್ತುವುದಿಲ್ಲ ಎನ್ನುವುದೇ ನಮಗೆ ಬೇಸರ.

ತಪ್ಪು ಕಲ್ಪನೆ: ಚಿನ್ನಸ್ವಾಮಿಯಲ್ಲಿ ಯಾರು ಬ್ಯಾಟ್ ಹಿಡಿದರೂ ರನ್ ಬರುತ್ತದೆ, ಬೌಲರ್‌ಗೆ ಅಲ್ಲಿ ಅನ್ನವಿಲ್ಲ.

ವಾಸ್ತವ: ಸಿಕ್ಸರ್ ಸುರಿದ ರಾತ್ರಿಗಳು ನೆನಪಿನಲ್ಲಿ ಉಳಿಯುತ್ತವೆ, ವಿಕೆಟ್ ಉರುಳಿದ ಬೆಳಗುಗಳು ಉಳಿಯುವುದಿಲ್ಲ. 2024ರ ಅಕ್ಟೋಬರ್ 17ರಂದು ಇದೇ ಮೈದಾನದಲ್ಲಿ ಭಾರತ ನ್ಯೂಜಿಲೆಂಡ್ ಎದುರು 46 ರನ್‌ಗೆ ಆಲೌಟಾಯಿತು. ತವರಿನ ಟೆಸ್ಟ್‌ಗಳಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದೇ. ಐವರು ಸೊನ್ನೆ ಸುತ್ತಿದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಿಂದಿನ ದಿನವೆಲ್ಲ ಮಳೆ, ಪಿಚ್ ಹೊದಿಕೆಯಡಿ ಬೆವರುತ್ತಿತ್ತು, ಮೋಡ ಕವಿದಿತ್ತು. ಟಾಸ್ ಗೆದ್ದ ನಾವು ಬ್ಯಾಟಿಂಗ್ ಆರಿಸಿಕೊಂಡೆವು. ಮ್ಯಾಟ್ ಹೆನ್ರಿ 15 ರನ್‌ಗೆ 5, ವಿಲಿಯಂ ಒ'ರೂರ್ಕ್ 22 ರನ್‌ಗೆ 4 ವಿಕೆಟ್ ಕಿತ್ತರು.

ಗಮನಿಸಬೇಕಾದ್ದು ಮುಂದಿನ ಭಾಗ. ಅದೇ ಪಂದ್ಯದಲ್ಲಿ, ಅದೇ ಪಿಚ್ಚಿನ ಮೇಲೆ ರಚಿನ್ ರವೀಂದ್ರ 134 ಹೊಡೆದರು. ಭಾರತ ಎರಡನೇ ಸರದಿಯಲ್ಲಿ 462 ಗಳಿಸಿತು. ಸರ್ಫರಾಜ್ ಖಾನ್ 150, ರಿಷಭ್ ಪಂತ್ 99. ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಯ ಮರುದಿನ ಚೆಂಡು ಮೊಣಕಾಲು ದಾಟುವುದಿಲ್ಲ, ವಾರದ ಬಿಸಿಲು ಕುಡಿದ ಮೇಲೆ ಅದೇ ನೆಲ ಬೇರೆಯೇ ಆಟ ಆಡಿಸುತ್ತದೆ. ಪಿಚ್ಚಿಗೆ ಶಾಶ್ವತ ಸ್ವಭಾವ ಎನ್ನುವುದಿಲ್ಲ, ಆ ದಿನದ ಸ್ವಭಾವ ಇರುತ್ತದೆ.

ಸ್ಪಿನ್ನಿಗೂ ಈ ನೆಲ ಒಲಿದಿದೆ. 1987ರ ಮಾರ್ಚ್‌ನಲ್ಲಿ ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಕಟ್ಟಿಹಾಕಿದರು. ಕೊನೆಯ ಸರದಿಯಲ್ಲಿ ಚೆಂಡು ಹಾವಿನಂತೆ ತಿರುಗುತ್ತಿದ್ದಾಗ ಸುನಿಲ್ ಗಾವಸ್ಕರ್ 96 ಹೊಡೆದರು. ಅದು ಅವರ ಕಡೆಯ ಟೆಸ್ಟ್. ಭಾರತ 16 ರನ್‌ಗಳಿಂದ ಸೋತಿತು. ನಮ್ಮನ್ನು ಕೇಳಿದರೆ ಈ ಮೈದಾನದ ಅತ್ಯುತ್ತಮ ಇನಿಂಗ್ಸ್ ಇದೇ, ಅದು ಶತಕವೂ ಅಲ್ಲ. 2017ರಲ್ಲಿ ಆಸ್ಟ್ರೇಲಿಯಾದ ನೇಥನ್ ಲಯನ್ 50 ರನ್‌ಗೆ 8 ವಿಕೆಟ್ ಪಡೆದರು. ಆದರೂ 188ರ ಗುರಿ ಬೆನ್ನಟ್ಟಿದ ಅವರ ತಂಡ 112ಕ್ಕೆ ಮುಗಿಯಿತು.

ತಪ್ಪು ಕಲ್ಪನೆ: ನಮ್ಮ ನೆಲದ ದಾಖಲೆಗಳೆಲ್ಲ ನಮ್ಮ ಹುಡುಗರವೇ.

ವಾಸ್ತವ: ಅಭಿಮಾನ ಇರಲಿ, ಲೆಕ್ಕವೂ ಇರಲಿ. 36 ಟೆಸ್ಟ್ ಶತಕ ಬಾರಿಸಿದ ರಾಹುಲ್ ದ್ರಾವಿಡ್ ಅವರ ಒಂದು ಶತಕವೂ ಚಿನ್ನಸ್ವಾಮಿಯಲ್ಲಿ ಬಂದಿಲ್ಲ. ಕರುಣ್ ನಾಯರ್ ಅವರ 303 ಬೆಂಗಳೂರಿನದೆಂದು ಪಣ ಕಟ್ಟುವವರಿದ್ದಾರೆ, ಅದು 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಬಂದದ್ದು. ಹಾಗೆಂದು ಕೈ ಖಾಲಿಯೇನೂ ಇಲ್ಲ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1979ರಲ್ಲಿ ಆಸ್ಟ್ರೇಲಿಯಾ ಎದುರು ಇಲ್ಲಿ ಔಟಾಗದೆ 161 ಗಳಿಸಿದರು. 2023ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಎದುರು ಭಾರತ 410 ಹೊಡೆದ ದಿನ ಕೆ.ಎಲ್. ರಾಹುಲ್ 62 ಎಸೆತಗಳಲ್ಲಿ ಶತಕ ಪೂರೈಸಿದರು. ವಿಶ್ವಕಪ್‌ನಲ್ಲಿ ಅಲ್ಲಿಯತನಕ ಭಾರತೀಯನೊಬ್ಬನ ಅತಿ ವೇಗದ ಶತಕ ಅದು.

ತಪ್ಪು ಕಲ್ಪನೆ: ದಾಖಲೆ ಎಂದರೆ ಗಂಡಸರ ಕ್ರಿಕೆಟ್ಟು.

ವಾಸ್ತವ: 2024ರ ಜೂನ್ 19ರಂದು ಚಿನ್ನಸ್ವಾಮಿಯಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಮಹಿಳೆಯರ ಏಕದಿನ ಪಂದ್ಯದಲ್ಲಿ ನಾಲ್ಕು ಶತಕ ಬಂದವು: ಸ್ಮೃತಿ ಮಂಧಾನ 136, ಹರ್ಮನ್‌ಪ್ರೀತ್ ಕೌರ್ ಔಟಾಗದೆ 103, ಲಾರಾ ವೋಲ್ವಾರ್ಡ್ ಔಟಾಗದೆ 135, ಮರಿಜಾನ್ ಕಾಪ್ 114. ಮಹಿಳಾ ಏಕದಿನದಲ್ಲಿ ಹಾಗಾದದ್ದು ಅದೇ ಮೊದಲು. ಭಾರತ ಗೆದ್ದದ್ದು ಬರೀ 4 ರನ್‌ಗಳಿಂದ. ಸ್ಮೃತಿ ಮೂರು ದಿನ ಮೊದಲು ಇದೇ ಮೈದಾನದಲ್ಲಿ 117 ಹೊಡೆದಿದ್ದರು. ಅವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪಟ್ಟಿ ಮಾಡಿದವರದೇ ತಪ್ಪು.

ತಪ್ಪು ಕಲ್ಪನೆ: ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಮುಟ್ಟಿದ್ದೆಲ್ಲ ಸಿಕ್ಸರ್.

ವಾಸ್ತವ: ಇದರಲ್ಲಿ ಸತ್ಯದ ಅಂಶ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ. ಒಳ್ಳೆಯ ಹೊಡೆತ ಕೆಲವು ಮೀಟರ್ ಹೆಚ್ಚು ಹೋಗುತ್ತದೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಗಿಡ್ಡ ಬೌಂಡರಿ, ಚೆಂಡು ಜಾರಿ ಓಡುವ ಔಟ್‌ಫೀಲ್ಡ್, ರಾತ್ರಿಯ ಇಬ್ಬನಿಯಲ್ಲಿ ಬೌಲರನ ಕೈಯಿಂದ ಜಾರುವ ಒದ್ದೆ ಚೆಂಡು. ಎತ್ತರವೇ ಎಲ್ಲ ಮಾಡುವುದಾದರೆ 1,400 ಮೀಟರ್‌ಗೂ ಮೇಲಿರುವ ಧರ್ಮಶಾಲಾದಲ್ಲಿ ಪ್ರತಿ ಪಂದ್ಯದಲ್ಲೂ ದ್ವಿಶತಕ ಬರಬೇಕಿತ್ತು.

ತಪ್ಪು ಕಲ್ಪನೆ: ಅಷ್ಟು ಸಿಕ್ಸರ್ ಹೊಡೆಯಬೇಕಾದರೆ ಬ್ಯಾಟಿನೊಳಗೆ ಏನೋ ಇಟ್ಟಿರುತ್ತಾರೆ.

ವಾಸ್ತವ: 2003ರ ವಿಶ್ವಕಪ್ ಫೈನಲ್ ಸೋತ ಮೇಲೆ ರಿಕಿ ಪಾಂಟಿಂಗ್ ಬ್ಯಾಟಿನಲ್ಲಿ ಸ್ಪ್ರಿಂಗ್ ಇತ್ತು, ಪಂದ್ಯ ಮತ್ತೆ ಆಡಿಸುತ್ತಾರೆ ಎಂದು ಊರೂರಲ್ಲಿ ಗುಲ್ಲೆದ್ದಿತ್ತು. ನಾವೂ ಕೆಲವು ದಿನ ಕಾದೆವು. ಮರಿಮಕ್ಕಳಂತೆ ಆ ಗಾಳಿಸುದ್ದಿಗೆ ಇಂದಿಗೂ ಹೊಸ ರೂಪಗಳು ಹುಟ್ಟುತ್ತಿವೆ. ನಿಯಮದ ಪ್ರಕಾರ ಬ್ಯಾಟಿನ ಹಲಗೆ ಮರದ್ದೇ ಆಗಿರಬೇಕು, ಅಗಲ 10.8 ಸೆಂಟಿಮೀಟರ್ ಮೀರಬಾರದು. ಅಂಚು 4 ಸೆಂಟಿಮೀಟರ್‌ಗಿಂತ ದಪ್ಪ ಇರಬಾರದೆಂಬ ಮಿತಿ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಗೇಲ್, ರೋಹಿತ್ ಆಡಿದ 2013ರಲ್ಲಿ ಆ ಮಿತಿ ಇರಲಿಲ್ಲ. ದಪ್ಪ ಅಂಚಿನ ಬ್ಯಾಟುಗಳು ಹೊಡೆತಕ್ಕೆ ನೆರವಾದವು ಎಂದು ವಾದಿಸಿ, ಒಪ್ಪುತ್ತೇವೆ. ಸ್ಪ್ರಿಂಗ್ ಮಾತ್ರ ಬೇಡ.

ತಪ್ಪು ಕಲ್ಪನೆ: ಏಪ್ರಿಲ್ 23 ಆರ್‌ಸಿಬಿಗೆ ಹಣೆಬರಹದ ದಿನ; ಮೇಲಾಗಿ ನಾನು ಜಾಗ ಬಿಟ್ಟು ಎದ್ದರೆ ವಿಕೆಟ್ ಬೀಳುತ್ತದೆ.

ವಾಸ್ತವ: ಗೇಲ್ 175 ಹೊಡೆದು ತಂಡ 263 ಮುಟ್ಟಿದ್ದು ಏಪ್ರಿಲ್ 23. ನಾಲ್ಕು ವರ್ಷದ ಬಳಿಕ ಅದೇ ತಾರೀಖು ಆರ್‌ಸಿಬಿ 49ಕ್ಕೆ ಆಲೌಟಾಯಿತು. ಮೈ ಜುಮ್ಮೆನ್ನುವಂಥ ಕಾಕತಾಳೀಯವೇ. ಆದರೆ ಆ 49 ಕೋಲ್ಕತ್ತದ ಈಡನ್ ಗಾರ್ಡನ್ಸ್‌ನದು, ಚಿನ್ನಸ್ವಾಮಿಯ ತಲೆಗೆ ಕಟ್ಟಬೇಡಿ. ಐಪಿಎಲ್ ನಡೆಯುವುದು ವರ್ಷಕ್ಕೆ ಎರಡು ತಿಂಗಳು, ಇಷ್ಟು ವರ್ಷಗಳಲ್ಲಿ ತಾರೀಖುಗಳು ಒಂದರ ಮೇಲೊಂದು ಬರಲೇಬೇಕು. ಇನ್ನು ಕುರ್ಚಿಯ ವಿಷಯ. ಮೊಬೈಲಿನಲ್ಲಿ ಕಾಣುವ ಎಸೆತ ಮೈದಾನದಲ್ಲಿ ಕೆಲವು ಸೆಕೆಂಡ್ ಮೊದಲೇ ಮುಗಿದಿರುತ್ತದೆ. ನೀವು ಚಹಾಕ್ಕೆ ಏಳುವ ಹೊತ್ತಿಗೆ ಆ ಬ್ಯಾಟರ್ ಆಗಲೇ ಪೆವಿಲಿಯನ್ ದಾರಿ ಹಿಡಿದಿರುತ್ತಾನೆ.

ತಪ್ಪು ಕಲ್ಪನೆ: ವಿವಿಯನ್ ರಿಚರ್ಡ್ಸ್ ಇಲ್ಲಿ ಮೊದಲ ಟೆಸ್ಟ್ ಆಡಿದಾಗಲೇ ಅಬ್ಬರಿಸಿದ್ದರು.

ವಾಸ್ತವ: 1974ರ ನವೆಂಬರ್, ಮೈದಾನಕ್ಕೂ ಅದು ಮೊದಲ ಟೆಸ್ಟ್. ರಿಚರ್ಡ್ಸ್ ಗಳಿಸಿದ್ದು 4 ಮತ್ತು 3, ಎರಡೂ ಸಲ ಔಟ್ ಮಾಡಿದವರು ನಮ್ಮ ಬಿ.ಎಸ್. ಚಂದ್ರಶೇಖರ್. ಅಬ್ಬರಿಸಿದ್ದು ಅದೇ ಪಂದ್ಯದಲ್ಲಿ ಪದಾರ್ಪಣೆ ಮಾಡಿದ ಗಾರ್ಡನ್ ಗ್ರೀನಿಜ್, 93 ಮತ್ತು 107. ನಾಯಕ ಕ್ಲೈವ್ ಲಾಯ್ಡ್ 163. ರಿಚರ್ಡ್ಸ್ ಮುಂದಿನ ಟೆಸ್ಟ್‌ನಲ್ಲೇ ದೆಹಲಿಯಲ್ಲಿ ಔಟಾಗದೆ 192 ಹೊಡೆದರು ಎನ್ನುವುದು ಬೇರೆ ಮಾತು.

ತಪ್ಪು ಕಲ್ಪನೆ: ಇಲ್ಲಿ ದೊಡ್ಡ ಮೊತ್ತ ಹೊಡೆದ ತಂಡ ಸೋಲುವುದಿಲ್ಲ.

ವಾಸ್ತವ: 2011ರ ವಿಶ್ವಕಪ್‌ನಲ್ಲಿ ತೆಂಡೂಲ್ಕರ್ 120 ಹೊಡೆದು ಭಾರತ 338 ಗಳಿಸಿತು, ಆಂಡ್ರ್ಯೂ ಸ್ಟ್ರಾಸ್ 158 ಹೊಡೆದು ಇಂಗ್ಲೆಂಡ್ ಕೂಡ 338 ಗಳಿಸಿತು, ಪಂದ್ಯ ಟೈ. ಮೂರು ದಿನದ ಬಳಿಕ ಅದೇ ಇಂಗ್ಲೆಂಡ್ 327 ಹೊಡೆದೂ ಐರ್ಲೆಂಡ್‌ಗೆ ಸೋತಿತು. ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದು ಬಿಟ್ಟಿದ್ದರು. 2023ರಲ್ಲಿ ನ್ಯೂಜಿಲೆಂಡ್ 401 ಹೊಡೆದು, ಮಳೆ ಲೆಕ್ಕದಲ್ಲಿ ಪಾಕಿಸ್ತಾನಕ್ಕೆ ಪಂದ್ಯ ಬಿಟ್ಟುಕೊಟ್ಟಿತು. 2024ರ ಏಪ್ರಿಲ್ 15ರ ರಾತ್ರಿ ಆರ್‌ಸಿಬಿ 262 ಹೊಡೆಯಿತು. ಆದರೆ ಹೈದರಾಬಾದ್ ಮೊದಲೇ 287 ಹೊಡೆದು ಕೂತಿತ್ತು. ಆರ್‌ಸಿಬಿ ಸೋತದ್ದು 25 ರನ್‌ಗಳಿಂದ.