ಹಡಗು ಹತ್ತುವ ಮೊದಲೇ ಸುಸ್ತಾದರೆ?

ರಜೆ ಹತ್ತಿರ ಬಂತೆಂದರೆ ಕ್ರೂಸ್ ಜಾಹೀರಾತುಗಳು ಶುರು. ನೀಲಿ ಸಮುದ್ರ, ಬಿಳಿ ಹಡಗು, ಡೆಕ್ಕಿನ ಮೇಲೊಂದು ಆರಾಮ ಕುರ್ಚಿ. ನಮ್ಮ ಮನೆಯಿಂದ ಆ ಕುರ್ಚಿಯವರೆಗೆ ಹೋಗುವುದು ಹೇಗೆ ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಬನ್ನಿ, ಈ ಸಲ ಆ ಲೆಕ್ಕವನ್ನೇ ಹಾಕೋಣ.

ನಿಮ್ಮ ಟಿಕೆಟ್ಟಿನಲ್ಲಿ 'ರೋಮ್‌ನಿಂದ' ಎಂದಿದೆ ಅಂತಿಟ್ಟುಕೊಳ್ಳಿ. ಹಡಗು ರೋಮ್‌ನಲ್ಲಿ ನಿಂತಿರುವುದಿಲ್ಲ. ಅದು ನಿಲ್ಲುವುದು ಸುಮಾರು 70 ಕಿ.ಮೀ. ಆಚೆ, ಚಿವಿತಾವೆಕ್ಕಿಯಾ ಎಂಬ ಊರಿನಲ್ಲಿ. ಟ್ರಾಜನ್ ಚಕ್ರವರ್ತಿ ಸಾವಿರದ ಒಂಬೈನೂರು ವರ್ಷಗಳ ಹಿಂದೆ ಕಟ್ಟಿಸಿದ ಬಂದರು. 'ಲಂಡನ್‌ನಿಂದ' ಎನ್ನುವ ಹಡಗುಗಳೂ ಹೆಚ್ಚಾಗಿ ಹೊರಡುವುದು ಸೌತಾಂಪ್ಟನ್‌ನಿಂದಲೇ.

ಈಗ ಪುಣೆಯವರೊಬ್ಬರು ಬೇಸಿಗೆಯಲ್ಲಿ ಹೊರಟರು ಅನ್ನಿ. ರಾತ್ರಿ 8ಕ್ಕೆ ಮನೆ ಬಿಟ್ಟು, ಘಾಟಿ ಇಳಿದು, ಮುಂಬೈ ವಿಮಾನ ನಿಲ್ದಾಣ ಸೇರುವಾಗ 12. ವಿಮಾನ ಬೆಳಗಿನ ಜಾವ 4ಕ್ಕೆ. ದುಬೈಗೆ ಮೂರು ಗಂಟೆಯ ಮೇಲೆ, ಅಲ್ಲಿ ಮೂರು ಗಂಟೆ ಕಾಯುವುದು, ಮತ್ತೆ ಆರೂವರೆ ಗಂಟೆ ಹಾರಾಟ. ರೋಮ್‌ನಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಒಂದೂಕಾಲು. ಇಮಿಗ್ರೇಷನ್ ಸಾಲು, ಬ್ಯಾಗಿಗಾಗಿ ಕಾಯುವುದು, ಟ್ರಾಸ್ಟೆವೆರೆಯಲ್ಲಿ ರೈಲು ಬದಲಿಸುವುದು, ಸ್ಟೇಷನ್ನಿನಿಂದ ಬಂದರಿಗೆ ಬಸ್ಸು. ಎಲ್ಲ ಸುಸೂತ್ರವಾದರೂ ಸಂಜೆ 5. ಹಡಗು 6ಕ್ಕೆ ಹೊರಡುವುದಾದರೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, ಕೆಲವು ಕಡೆ ಇನ್ನೂ ಮುಂಚೆಯೇ, ಬಾಗಿಲು ಹಾಕುತ್ತಾರೆ. ಮನೆ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಮೀರಿದೆ, ನಿದ್ದೆ ಇಲ್ಲ, ಎದುರಿಗೆ ಬಾಗಿಲು ಮುಚ್ಚುತ್ತಿದೆ! ಹಡಗು ತಪ್ಪಿದರೆ ಮುಂದಿನ ಬಂದರಿಗೆ ಹೋಗಿ ಹಿಡಿಯಬೇಕು, ಅದೂ ಬಹುಮಟ್ಟಿಗೆ ಸ್ವಂತ ಖರ್ಚಿನಲ್ಲಿ.

ಆದ್ದರಿಂದ ಒಂದು ದಿನ ಮುಂಚೆಯೇ ಊರು ಸೇರಿಕೊಳ್ಳಿ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ದಂಡ ಅನಿಸಬಹುದು. ನನಗೇನೋ ಇಡೀ ಪ್ರವಾಸದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ದುಡ್ಡು ಅದೇ ಅನಿಸುತ್ತದೆ. ವಯಸ್ಸಾದವರು ಜೊತೆಗಿದ್ದರಂತೂ ಕೇಳಲೇಬೇಡಿ. ನಾಲ್ಕು ಗಂಟೆಗೂ ಹೆಚ್ಚು ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು, ನೀರು ಕುಡಿಯುತ್ತಿರಬೇಕು.

ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಹೀಗೇ ಹೊರಟಿದ್ದರು. ಮೊದಲ ವಿಮಾನ ತಡವಾಗಿ, ಓಡೋಡಿ ಎರಡನೆಯದನ್ನು ಹಿಡಿದರು. ಅವರ ಸೂಟ್‌ಕೇಸ್ ಹಿಡಿಯಲಿಲ್ಲ. ಹೋಟೆಲ್ಲಾದರೆ ಮರುದಿನ ತಂದುಕೊಡುತ್ತಾರೆ, ಹಡಗು ಮರುದಿನ ಬೇರೆ ಊರಿನಲ್ಲಿರುತ್ತದಲ್ಲ! ಬ್ಯಾಗು ಕೈಸೇರಿದ್ದು ನಾಲ್ಕನೇ ದಿನ. ಚಿಕ್ಕಪ್ಪನ ಬಿ.ಪಿ. ಮಾತ್ರೆಗಳೆಲ್ಲ ಅದರಲ್ಲೇ ಇದ್ದವು. ಹಡಗಿನ ಡಾಕ್ಟರು ಬೇರೆ ಮಾತ್ರೆ ಕೊಟ್ಟರು, ಬಿಲ್ಲನ್ನೂ ಕೊಟ್ಟರು. ಚಿಕ್ಕಮ್ಮನಿಗೆ ಮಾತ್ರ ಆ ನಾಲ್ಕು ದಿನ ಸಮುದ್ರ ಕಣ್ಣಿಗೇ ಬೀಳಲಿಲ್ಲವಂತೆ, ಗಂಡನ ಮುಖ ನೋಡುವುದೇ ಆಯಿತಂತೆ.

ಬ್ಯಾಗು ಕಳೆಯದಿದ್ದರೂ ಈ ಎಚ್ಚರ ಬೇಕು. ಬಂದರಿನಲ್ಲಿ ದೊಡ್ಡ ಸಾಮಾನನ್ನು ಸಿಬ್ಬಂದಿ ತೆಗೆದುಕೊಂಡರೆ ಅದು ನಿಮ್ಮ ಕೋಣೆಗೆ ಬರುವುದು ಎಷ್ಟೋ ಸಲ ಸಂಜೆಗೆ. ಪಾಸ್‌ಪೋರ್ಟು, ಮಾತ್ರೆ, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅಂತೂ ಕೈಚೀಲ ಬಿಟ್ಟು ಬೇರೆಲ್ಲೂ ಬೇಡ, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಇನ್ನು ವೀಸಾ. ಇಟಲಿಯಲ್ಲಿ ಹತ್ತಿ, ಟರ್ಕಿಗೆ ಹೋಗಿ, ಮತ್ತೆ ಇಟಲಿಗೆ ಬರುವ ಹಡಗಾದರೆ ಷೆಂಗೆನ್ ಪ್ರದೇಶ ಬಿಟ್ಟು ಮರಳಿ ಬಂದಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಅದಕ್ಕೆ ಸಾಲದು. ಅರ್ಜಿಯಲ್ಲಿ ಬಹುಪ್ರವೇಶದ ವೀಸಾ ಕೇಳಿ, ಜೊತೆಗೆ ಹಡಗಿನ ಪೂರ್ತಿ ಮಾರ್ಗದ ಕಾಗದ ಲಗತ್ತಿಸಿ.